ಬಾಯಿ ತಪ್ಪಿ ಬಂದ ಬೆಸಾಂವ್

ಬೆನೆಡಿಕ್ಟ್ ಕಣ್ಣನೂರಿನಿಂದ ಬರುವ ದಿನ ಬಂಗುಡೆ ಮೀನು ತರಬೇಕೋ ಬೇಡವೋ ಎಂದು ಮನೆಯಲ್ಲಿ ಎರಡು ಪಕ್ಷವಾಯಿತು.

"ಆರು ವರ್ಷದ ಮೇಲೆ ಮಗ ಮನೆಗೆ ಬರ್ತಾನೆ. ಬರೀ ಗಂಜಿ ಬಡಿಸ್ಲಿಕ್ಕೆ ನನಗೆ ಮನಸ್ಸಿಲ್ಲ," ಎಂದಳು ವಡ್ಲಿಮಾಯಿ. ಅಜ್ಜಿಯನ್ನು ಆ ಮನೆಯಲ್ಲಿ ಹಾಗೆ ಕರೆಯುವುದು.

"ಬಂಗುಡೆ ಸಾರು ಕುದಿದರೆ ಇಡೀ ಓಣಿಗೆ ಪರಿಮಳ ಹೋಗ್ತದೆ. ಇವರ ಮನೆಯಲ್ಲಿ ಇವತ್ತು ಹಬ್ಬ ಅಂತ ಹೇಳ್ತಾರೆ," ಎಂದಳು ಸೊಸೆ ಎಸ್ತೆರ್.

"ಹೇಳಲಿ."

"ಹೇಳುವುದು ನಿಮ್ಮ ಹತ್ರ ಅಲ್ಲ ಮಾಯಿ. ಬಾವಿಕಟ್ಟೆಯಲ್ಲಿ ನನ್ನ ಹತ್ರ."

ನಡುವೆ ಸಿಕ್ಕಿಕೊಂಡವನು ನೊರ್ಬರ್ಟ್, ಒಬ್ಬಳ ಹಿರಿಯ ಮಗ, ಇನ್ನೊಬ್ಬಳ ಗಂಡ. ಹಂಚಿನ ಕಾರ್ಖಾನೆಯಲ್ಲಿ ಆವೆಯ ಬೆಂಕಿ ನೋಡುವ ಕೆಲಸ ಅವನದು. ಅದಕ್ಕೋ ಏನೋ, ಮನೆಯ ಬೆಂಕಿಯ ಹತ್ತಿರ ಹೋಗುತ್ತಿರಲಿಲ್ಲ. ಸಂಜೆ ಬಂದವನು ಎಲೆಯ ಕಟ್ಟೊಂದನ್ನು ಅಡುಗೆಮನೆಯ ಹೊಸ್ತಿಲಲ್ಲಿಟ್ಟ.

"ಬೂತಾಯಿ," ಎಂದ. "ಅಗ್ಗದ ಮೀನು, ಇದಕ್ಕೆ ಯಾರೂ ಹಬ್ಬ ಅಂತ ಹೇಳುವುದಿಲ್ಲ."

ಜಗಲಿಯಲ್ಲಿ ಕೂತು ಅಂಗಿಗೆ ಕಾಜ ಹಾಕುತ್ತಿದ್ದ ಡುಲ್ಸಿನ್ ಇದನ್ನೆಲ್ಲ ಕೇಳಿದಳು. ನೊರ್ಬರ್ಟ್ ಮತ್ತು ಎಸ್ತೆರಳ ಒಬ್ಬಳೇ ಮಗಳು, ಹದಿನೆಂಟು ವರ್ಷ. ಪೇಟೆಯ ದರ್ಜಿಯೊಬ್ಬ ಅಂಗಿಗಳನ್ನು ಕಟ್ಟುಗಟ್ಟಲೆ ಕಳಿಸುತ್ತಿದ್ದ, ಇವಳು ಕಾಜ ಹಾಕಿ ಕೊಡುತ್ತಿದ್ದಳು. ಕಾಜ ಹಾಕುವವರಿಗೆ ಕಣ್ಣು ಕೆಳಗೆ, ಕಿವಿ ನಾಲ್ಕೂ ಕಡೆ. ಚಿಕ್ಕಪ್ಪನನ್ನು ಅವಳು ಬಾಪ್ಪು ಎಂದು ಕರೆಯುತ್ತಿದ್ದಳು. ಆ ಬಾಪ್ಪುವಿನ ಮುಖ ಈಗ ಹೇಗಿದೆಯೆಂದು ಅವಳಿಗೆ ನೋಡಬೇಕಾಗಿತ್ತು.

ಬೆನೆಡಿಕ್ಟ್ ಕಣ್ಣನೂರಿಗೆ ನೇಯ್ಗೆ ಕಲಿಯಲು ಹೋಗಿದ್ದಾನೆ ಎಂದೇ ಮನೆಯವರು ಆರು ವರ್ಷ ಹೇಳುತ್ತ ಬಂದಿದ್ದರು. ಕೇಳಿದವರು "ಹೌದಾ, ಒಳ್ಳೆಯದು" ಎನ್ನುತ್ತಿದ್ದರು. ಕಣ್ಣನೂರಿನಲ್ಲಿ ಮಗ್ಗಗಳಿರುವಂತೆ ದೊಡ್ಡ ಜೈಲೂ ಉಂಟೆಂದು ನಮ್ಮೂರು ಜೆಪ್ಪುವಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಮಾತು ಪೂರ್ತಿ ಸುಳ್ಳೂ ಅಲ್ಲ. ಜೈಲಿನಲ್ಲಿ ಅವನಿಗೆ ನೇಯ್ಗೆಯನ್ನೇ ಕಲಿಸಿದ್ದರು. ಅವನು ಹೋಗುವಾಗ ನಮ್ಮ ಜಿಲ್ಲೆ ಮದ್ರಾಸಿನದಾಗಿತ್ತು, ಬರುವಾಗ ಮೈಸೂರಿನದಾಗಿತ್ತು. ಅಷ್ಟು ಕಾಲ ಹೋಗಿತ್ತು.

ಅವನು ಕೈಹಾಕಿದ್ದು ಅದೇ ಓಣಿಯ ರೊಸಾಲಿನಳ ಮೇಲೆ. ಆಗ ಅವಳಿಗೆ ಹನ್ನೆರಡು ವರ್ಷ. ಡುಲ್ಸಿನಳಿಗೂ ಅಷ್ಟೇ. ಶಾಲೆಯಲ್ಲಿ ಇಬ್ಬರದೂ ಒಂದೇ ಬೆಂಚು. ಕೋರ್ಟಿನ ಸುದ್ದಿ ಊರಿಗೆ ಹರಡಿದ ಮೇಲೆ ರೊಸಾಲಿನಳನ್ನು ಶಾಲೆಗೆ ಕಳಿಸಲಿಲ್ಲ. ಮಕ್ಕಳು ಹಿಂದಿನಿಂದ ಏನೇನೋ ಕೂಗುತ್ತಾರೆಂದು ಡುಲ್ಸಿನಳೂ ಬಿಟ್ಟಳು. ಎರಡು ಮನೆಗಳ ನಡುವೆ ನಾಲ್ಕೇ ತೆಂಗಿನ ಮರ. ಇಡೀ ಓಣಿ ನೀರು ಸೇದುವ ಬಾವಿ ಇವರ ಅಂಗಳದಲ್ಲಿ, ರಸ್ತೆಗೆ ಹೋಗುವ ಕಾಲುದಾರಿಯೂ ಇವರ ಜಗಲಿಯ ಮುಂದೆಯೇ. ಆರು ವರ್ಷ ಆ ಇಬ್ಬರು ಹುಡುಗಿಯರು ದಿನಾ ಒಬ್ಬರನ್ನೊಬ್ಬರು ನೋಡಿದರು, ಮಾತಾಡಲಿಲ್ಲ.

ಬೆನೆಡಿಕ್ಟ್ ಬಂದ. ಕೂದಲು ಕತ್ತರಿಸಿದ ರೀತಿ ಒಂದು ಬಿಟ್ಟರೆ ಅವನಲ್ಲಿ ನೋಡಲಿಕ್ಕೆ ವಿಶೇಷ ಏನೂ ಇರಲಿಲ್ಲ. ಕೂತುಕೋ ಎಂದು ಹೇಳುವವರೆಗೆ ನಿಂತೇ ಇದ್ದ. ಬೂತಾಯಿ ಸಾರಿನಲ್ಲಿ ಅನ್ನ ಕಲಸಿ ಬೇಗ ಬೇಗ ಉಂಡ, ಬಟ್ಟಲನ್ನು ತಾನೇ ತೊಳೆದು ಕವುಚಿ ಇಟ್ಟ. ಆಮೇಲೆ ಅಣ್ಣನ ಎದುರು ನಿಂತ.

"ಹಿತ್ತಿಲಿಗೆ ಹೋಗಿ ಬರ್ಲಾ?"

"ಅದಕ್ಕೆ ನನ್ನ ಹತ್ರ ಕೇಳುವುದೆಂತಕ್ಕೆ ಮಾರಾಯ?" ಎಂದ ನೊರ್ಬರ್ಟ್. ವಡ್ಲಿಮಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಸ್ತೆರ್ ಮಾತ್ರ ಅವನು ತೊಳೆದಿಟ್ಟ ಬಟ್ಟಲನ್ನು ತೆಗೆದು ಮತ್ತೊಮ್ಮೆ ತೊಳೆದಳು.

ಏಳು ಗಂಟೆಗೆ ಎಲ್ಲರೂ ಮನೆಯ ದೇವರ ಪೀಠವಾದ ಅಲ್ತಾರಿನ ಮುಂದೆ ಮೊಣಕಾಲೂರಿ ತೇರ್ಸು ಹೇಳಿದರು. ಜಪಮಾಲೆಯ ಆ ಪ್ರಾರ್ಥನೆ ಮುಗಿದ ಮೇಲೆ ಸಣ್ಣವರು ಹಿರಿಯರ ಎದುರು ವಯಸ್ಸಿನ ಕ್ರಮದಲ್ಲಿ ಒಬ್ಬೊಬ್ಬರಿಗೇ ಕೈಮುಗಿದು "ಬೆಸಾಂವ್ ದಿಯಾ", ಎಂದರೆ ಆಶೀರ್ವಾದ ಕೊಡಿ, ಎನ್ನಬೇಕು. ಹಿರಿಯರು "ದೇವ್ ಬರೆಂ ಕರುಂ", ದೇವರು ಒಳ್ಳೆಯದು ಮಾಡಲಿ, ಎನ್ನಬೇಕು. ಕೇಳಿದ ಮೇಲೆ ಕೊಡದೆ ಇರುವ ಹಾಗಿಲ್ಲ. ಜಗಳವಾಡಿ ತಿಂಗಳು ಮಾತು ಬಿಟ್ಟವರೂ ಅದೊಂದನ್ನು ಕೊಡುತ್ತಾರೆ. ಡುಲ್ಸಿನ್ ಅಜ್ಜಿಗೆ ಕೈಮುಗಿದಳು, ಅಪ್ಪನಿಗೆ ಮುಗಿದಳು. ಮುಂದೆ ಬಾಪ್ಪು. ಅವನು ಗೋಡೆಗೆ ಬೆನ್ನು ಕೊಟ್ಟು ಕೈ ಎಲ್ಲಿಡುವುದೆಂದು ತಿಳಿಯದವನ ಹಾಗೆ ನಿಂತಿದ್ದ.

"ಅನ್ನಕ್ಕೆ ನೀರು ಸಾಕಾ ನೋಡ್ತೇನೆ," ಎಂದು ಡುಲ್ಸಿನ್ ಒಳಗೆ ನಡೆದಳು.

"ಬಾಯೆ, ಒಬ್ಬರು ಬಾಕಿ," ಎಂದಳು ವಡ್ಲಿಮಾಯಿ.

"ಅವಳು ಅನ್ನ ನೋಡ್ಲಿ ಮಾಯಿ," ಎಂದಳು ಎಸ್ತೆರ್.

ಮರುದಿನ ಹಾಲು ಉಕ್ಕಿತು. ಅದರ ಮರುದಿನ ಕೋಳಿಗೂಡಿನ ಬಾಗಿಲು ಹಾಕಲಿಕ್ಕಿತ್ತು. ಒಂದು ವಾರ ಕಳೆದಾಗ ವಡ್ಲಿಮಾಯಿ ಎಲ್ಲರಿಗೂ ಕೇಳುವಂತೆ ಹೇಳಿದಳು, "ಈ ಮನೆಯ ಅನ್ನಕ್ಕೆ ಭಕ್ತಿ ಹೆಚ್ಚು. ಸರಿಯಾಗಿ ತೇರ್ಸು ಮುಗಿಯುವಾಗ ಉಕ್ಕುತ್ತದೆ."

ಓಣಿಯಲ್ಲೂ ಕ್ರಮ ಬದಲಾಯಿತು. ಒಬ್ಬೊಬ್ಬರೇ ಬಾವಿಗೆ ಬರುತ್ತಿದ್ದ ಹೆಂಗಸರು ಮೂರು ನಾಲ್ಕು ಮಂದಿ ಸೇರಿ ಬರತೊಡಗಿದರು, ಬೇಗ ಸೇದಿ ಬೇಗ ಹೋದರು. ಕನ್ಯಾಸ್ತ್ರೀಯರ ಮಠದ ಹೊಲಿಗೆ ಕ್ಲಾಸಿಗೆ ದಿನಾ ಎಂಟು ಗಂಟೆಗೆ ಜಗಲಿಯ ಮುಂದೆ ಹಾದುಹೋಗುತ್ತಿದ್ದ ರೊಸಾಲಿನ್ ಕಾಣಿಸಲೇ ಇಲ್ಲ. ನೀರಿಗೂ ಅವಳ ಅಪ್ಪ ಯೂಸ್ಟೇಸರೇ ಬಂದರು. ಹೆಂಡತಿ ತೀರಿಹೋದ ಮನುಷ್ಯ. ವಾಡೆಯ ಗುರ್ಕಾರರು ಅವರೇ, ಎಂದರೆ ಆ ಭಾಗದ ಕ್ರೈಸ್ತ ಮನೆಗಳ ಮುಖ್ಯಸ್ಥರು. ದಾರಿಯಲ್ಲಿ ಸಿಕ್ಕ ಮಕ್ಕಳೆಲ್ಲ ಅವರಿಗೆ ಕೈಮುಗಿಯುತ್ತಿದ್ದರು, ಅವರು ನಡೆ ನಿಲ್ಲಿಸದೆ "ದೇವ್ ಬರೆಂ ಕರುಂ" ಎನ್ನುತ್ತ ಹೋಗುತ್ತಿದ್ದರು. ಅಂಥವರು ಈಗ ಹಗ್ಗ ಎಳೆಯಲು ಬಾರದೆ ಅರ್ಧ ಕೊಡ ಚೆಲ್ಲುತ್ತಿದ್ದರು.

"ಗುರ್ಕಾರರ ಕೈಯಲ್ಲಿ ಗುಳ್ಳೆ ಬಂದಿದೆ," ಎಂದಳು ಎಸ್ತೆರ್, ಊಟಕ್ಕೆ ಕೂತಾಗ.

"ಮಗಳನ್ನು ಕಳಿಸಲಿ. ಇಲ್ಲಿ ಯಾರೂ ಅವಳನ್ನು ತಿನ್ನುವುದಿಲ್ಲ," ಎಂದಳು ವಡ್ಲಿಮಾಯಿ.

ಬೆನೆಡಿಕ್ಟ್ ಗಂಜಿಯ ಬಟ್ಟಲಿನೊಳಗೆ ನೋಡುತ್ತಿದ್ದ.

ಬಾಪ್ಪುವನ್ನು ಡುಲ್ಸಿನ್ ದಿನಾ ನೋಡುತ್ತಿದ್ದಳು. ಅವನು ಐದು ಗಂಟೆಗೆ ಏಳುತ್ತಿದ್ದ, ಚಾಪೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚುತ್ತಿದ್ದ, ಯಾರು ಒಳಗೆ ಬಂದರೂ ಎದ್ದು ನಿಲ್ಲುತ್ತಿದ್ದ. ಕೆಟ್ಟದ್ದು ಮಾಡಿದವರ ಮುಖದಲ್ಲಿ ಏನಾದರೂ ಕಾಣಬೇಕೆಂದು ಅವಳ ಲೆಕ್ಕ. ಏನೂ ಕಾಣಲಿಲ್ಲ. ಒಂದು ಬೆಳಿಗ್ಗೆ ಅವನು ಅಂಗಳದಲ್ಲಿ ತೆಂಗಿನ ಗರಿ ಹೆಣೆಯುತ್ತಿದ್ದಾಗ ಕೇಳಿಯೇಬಿಟ್ಟಳು.

"ಬಾಪ್ಪು, ನೀವು ಮಾಡಿದ್ದು ಹೌದಾ?"

ಅವನ ಕೈ ನಿಂತಿತು. "ಹೌದು."

"ಎಂತಕ್ಕೆ?"

"ಗೊತ್ತಿಲ್ಲ ಅಂದರೆ ಸುಳ್ಳಾಗ್ತದೆ. ಗೊತ್ತುಂಟು ಅಂತ ಹೇಳಲಿಕ್ಕೆ ಸುರು ಮಾಡಿದರೆ ನೀನು ಈ ಅಂಗಳದಲ್ಲಿ ನಿಲ್ಲುವುದಿಲ್ಲ." ಮತ್ತೆ ಗರಿ ಹೆಣೆದ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಆ ಹುಡುಗಿ ಈಗ ಎಂತ ಮಾಡ್ತಾಳೆ?"

"ಹೊಲಿಗೆ ಕಲೀತಿದ್ದಳು. ನೀವು ಬಂದ ಮೇಲೆ ಹೋಗುವುದಿಲ್ಲ."

ಅವನು ಹೊಸ ಗರಿಯೊಂದನ್ನು ಎಳೆದುಕೊಂಡ. ಡುಲ್ಸಿನ್ ಅಂಗಳದಲ್ಲಿ ನಿಲ್ಲಲಿಲ್ಲ.

ಅಕ್ಟೋಬರ್ ಬಂತು. ಆ ತಿಂಗಳು ಮರಿಯ ಮಾತೆಯ ಸಣ್ಣ ಮೂರ್ತಿ ವಾಡೆಯ ಮನೆಮನೆಗೆ ಹೋಗುತ್ತದೆ. ಒಂದು ದಿನ ಒಂದು ಮನೆ, ಸಂಜೆ ವಾಡೆಯವರೆಲ್ಲ ಅಲ್ಲಿ ಸೇರಿ ತೇರ್ಸು. ಮರುದಿನ ಆ ಮನೆಯವರೇ ಮೂರ್ತಿಯನ್ನು ಮುಂದಿನ ಮನೆಗೆ ಮುಟ್ಟಿಸಬೇಕು. ಪಟ್ಟಿ ಮಾಡುವುದು ಗುರ್ಕಾರರು. ಆ ವರ್ಷದ ಪಟ್ಟಿಯಲ್ಲಿ ನೊರ್ಬರ್ಟನ ಹೆಸರು ಇರಲಿಲ್ಲ.

ವಡ್ಲಿಮಾಯಿ ಕೊಡೆ ಹಿಡಿದು ಇಗರ್ಜಿಗೆ ಹೋದಳು. ಬಂದವಳು ಹೊಸ್ತಿಲು ದಾಟುವ ಮೊದಲೇ ಹೇಳಿದಳು, "ಪಾದ್ರಿಗಳು ಗುರ್ಕಾರರನ್ನು ಕರೆಸಿದರು. ಮಾತೆ ಬರುವುದು ಮನೆಗೆ, ಮನುಷ್ಯನ ಗುಣ ನೋಡಿ ಅಲ್ಲ, ಒಂದು ಮನೆಯನ್ನೂ ಬಿಡುವ ಹಾಗಿಲ್ಲ ಅಂದರು. ಶಿಕ್ಷೆ ಮುಗಿಸಿ ಬಂದಿದ್ದಾನೆ, ಮತ್ತೆ ಶಿಕ್ಷೆ ಕೊಡ್ಲಿಕ್ಕೆ ನೀವು ಯಾರು ಅಂತ ಕೇಳಿದರು."

"ಗುರ್ಕಾರರು ಎಂತ ಹೇಳಿದರು?" ಎಂದಳು ಎಸ್ತೆರ್.

ವಡ್ಲಿಮಾಯಿ ಕೊಡೆ ಮಡಚಿದಳು. "ಅವನಿಗೆ ಆರು ವರ್ಷ ಅಂತ ಜಡ್ಜು ಬರೆದು ಕೊಟ್ಟರು ಫಾದರ್, ನನ್ನ ಮಗಳಿಗೆ ಎಷ್ಟು ವರ್ಷ ಅಂತ ಯಾರೂ ಬರೆದು ಕೊಡಲಿಲ್ಲ, ಅಂದರು."

"ಅದಕ್ಕೆ ಪಾದ್ರಿಗಳು?"

"ಅದಕ್ಕೆ ಅವರು ಎಂತ ಹೇಳ್ತಾರೆ? ಮಗಳಿಗಾಗಿ ಪ್ರಾರ್ಥನೆ ಮಾಡುವ ಅಂದರು." ಆಮೇಲೆ ಬೆನೆಡಿಕ್ಟನನ್ನು ಅಡುಗೆಮನೆಗೆ ಕರೆದಳು. ಅವಳ ಪಿಸುಮಾತು ಜಗಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. "ಆ ದಿನ ತೇರ್ಸು ಮುಗಿದ ಕೂಡಲೇ ನೀನು ಗುರ್ಕಾರರ ಎದುರು ಮೊಣಕಾಲೂರಿ ಬೆಸಾಂವ್ ಕೇಳು. ನಿನಗಿಂತ ಹಿರಿಯರು. ಮಾತೆಯ ಎದುರು, ಇಡೀ ವಾಡೆಯ ಎದುರು ಕೇಳಿದರೆ ಕೊಡದೆ ಇರ್ಲಿಕ್ಕೆ ಆಗುವುದಿಲ್ಲ. ಅವರು ಕೊಟ್ಟರೆ ಮುಗೀತು. ಮತ್ತೆ ಯಾರೂ ಬಾಯಿ ತೆರೆಯುವುದಿಲ್ಲ."

"ಬೇಡ ಮಾಯಿ."

"ನಾನು ಸತ್ತ ಮೇಲೆ ನಿನ್ನನ್ನು ಈ ಮನೆಯಲ್ಲಿ ಯಾರು ಇಟ್ಟುಕೊಳ್ತಾರೆ? ಆ ಎಸ್ತೆರಾ? ಕೇಳು."

ಹೊಸ ಪಟ್ಟಿಯಲ್ಲಿ ಇವರ ಮನೆ ಗುರ್ಕಾರರ ಮನೆಯ ನಂತರ ಬಂತು. ಮೂರ್ತಿಯನ್ನು ತರಬೇಕಾದವರು ಅವರೇ. ಬೇರೆ ಯಾರ ಕೈಯಲ್ಲಾದರೂ ಕಳಿಸುತ್ತಾರೆ ಎಂದು ಎಲ್ಲರೂ ಎಣಿಸಿದ್ದರು. ಸಂಜೆ ಆರೂವರೆಗೆ ನಾಲ್ಕು ತೆಂಗಿನ ಮರ ದಾಟಿ ಮೂರ್ತಿ ಹಿಡಿದು ಬಂದವಳು ರೊಸಾಲಿನ್. ಹಿಂದಿನಿಂದ ಅವಳ ಅಪ್ಪ, ಅವರ ಹಿಂದೆ ಓಣಿಯವರು. ಬರುವುದಿಲ್ಲವೆಂದಿದ್ದವರೂ ಬಂದಿದ್ದರು. ಏನಾಗುತ್ತದೆಂದು ನೋಡಬೇಕಲ್ಲ.

ರೊಸಾಲಿನ್ ಮೂರ್ತಿಯನ್ನು ಅಲ್ತಾರಿನಲ್ಲಿಟ್ಟು ಹೆಂಗಸರ ಸಾಲಿನಲ್ಲಿ ಮೊಣಕಾಲೂರಿದಳು, ಡುಲ್ಸಿನಳಿಂದ ಎರಡೇ ಜನ ಆಚೆ. ತೇರ್ಸಿನುದ್ದಕ್ಕೂ ಅವಳು ಅಲ್ತಾರನ್ನು ನೋಡಲಿಲ್ಲ. ಗಂಡಸರ ಸಾಲಿನ ಕೊನೆಯಲ್ಲಿದ್ದ ಬೆನೆಡಿಕ್ಟನನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಹೆದರಿಕೆಯಿಂದಲೂ ಅಲ್ಲ. ದೂರದಿಂದ ಬೋರ್ಡು ಓದುವವರ ಹಾಗೆ.

ತೇರ್ಸು ಮುಗಿಯಿತು. ಮಕ್ಕಳು ಸಾಲಾಗಿ ಎದ್ದು ಬಂದರು, ಮೊದಲು ಗುರ್ಕಾರರ ಹತ್ತಿರ. ಬೆಸಾಂವ್ ದಿಯಾ, ದೇವ್ ಬರೆಂ ಕರುಂ. ಬೆಸಾಂವ್ ದಿಯಾ, ದೇವ್ ಬರೆಂ ಕರುಂ. ಹತ್ತು ಹನ್ನೆರಡು ಮಕ್ಕಳು. ಯೂಸ್ಟೇಸರು ಗೋಡೆಯ ಮೇಲೆ ಎಲ್ಲೋ ನೋಡುತ್ತ, ಬಾಯಲ್ಲಿ ಅದೇ ಮಾತು ಹೇಳುತ್ತ ನಿಂತಿದ್ದರು. ಕೊನೆಯ ಮಗುವಿನ ಹಿಂದೆ ಬೆನೆಡಿಕ್ಟ್ ಮೊಣಕಾಲೂರಿದ.

"ಬೆಸಾಂವ್ ದಿಯಾ."

"ದೇವ್ ಬರೆಂ ಕರುಂ," ಎಂದರು ಯೂಸ್ಟೇಸರು.

ಹೇಳಿ ಮುಗಿದ ಮೇಲೆ ಕೆಳಗೆ ನೋಡಿದರು. ಅವರ ಕೈ ಇನ್ನೂ ಅವನ ತಲೆಯ ಮೇಲೆ ಎತ್ತಿದ ಹಾಗೆಯೇ ಇತ್ತು. ಯೂಸ್ಟೇಸರ ಬಾಯಿ ಎರಡು ಸಲ ತೆರೆದು ಮುಚ್ಚಿತು. ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವ ಮಾತು ಆ ಭಾಷೆಯಲ್ಲಿ ಇಲ್ಲ.

"ಗುರ್ಕಾರರೇ ಕೊಟ್ಟರು," ಎಂದಳು ವಡ್ಲಿಮಾಯಿ. "ಎಸ್ತೆರ್, ಎಲ್ಲರಿಗೂ ಕಾಪಿ ಕೊಡು."

ರೊಸಾಲಿನ್ ಎದ್ದು ಅಪ್ಪನ ಮೊಣಕೈ ಹಿಡಿದು ಕರೆದುಕೊಂಡು ಹೋದಳು. ಕಾಪಿಯನ್ನು ಎಲ್ಲರೂ ನಿಂತುಕೊಂಡೇ ಕುಡಿದರು.

ಎರಡು ದಿನ ಬಿಟ್ಟು ಎಸ್ತೆರ್ ಬಾವಿಕಟ್ಟೆಯಿಂದ ಸುದ್ದಿ ತಂದಳು. "ರೊಸಾಲಿನಳನ್ನು ಬೊಂಬಾಯಿಗೆ ಕಳಿಸ್ತಾರಂತೆ. ಗುರ್ಕಾರರ ಅಕ್ಕನ ಹತ್ರ. ಅಲ್ಲಿ ಯಾರದೋ ಮನೆಯಲ್ಲಿ ಮಗು ನೋಡುವ ಕೆಲಸ ಉಂಟಂತೆ."

"ಎಂತಕ್ಕೆ?" ಎಂದಳು ಡುಲ್ಸಿನ್.

"ಎಂತಕ್ಕೆ ಅಂದರೆ? ಬೆಸಾಂವ್ ಕೊಟ್ಟ ಮೇಲೆ ಅವನನ್ನು ಹೋಗು ಅನ್ನುವ ಹಾಗುಂಟಾ? ಅವನು ಹೋಗುವುದಿಲ್ಲ ಅಂದ ಮೇಲೆ ಇವಳೇ ಹೋಗಬೇಕಲ್ಲ."

ಡುಲ್ಸಿನ್ ಅಂಗಿಗಳನ್ನು ಮಡಚಿಟ್ಟು ನಾಲ್ಕು ತೆಂಗಿನ ಮರ ದಾಟಿದಳು. ಆರು ವರ್ಷದಲ್ಲಿ ಅದು ಮೊದಲ ಸಲ. ರೊಸಾಲಿನ್ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ತಲೆ ಎತ್ತಿದಳು, ಬಾ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಡುಲ್ಸಿನ್ ಎದುರು ಕುಕ್ಕರಗಾಲಲ್ಲಿ ಕೂತು ತಿಕ್ಕಿಟ್ಟ ಪಾತ್ರೆಗೆ ನೀರು ಹಾಕತೊಡಗಿದಳು.

"ಬೊಂಬಾಯಿಗೆ ಹೋಗ್ತೀಯಂತೆ."

"ಪಪ್ಪಾ ಕಳಿಸ್ತಾರಂತೆ. ನಾನು ಹೋಗ್ತೇನೆ ಅಂತ ಯಾರು ಹೇಳಿದ್ದು?"

"ನಿನಗೆ ಇಷ್ಟ ಇಲ್ವಾ?"

"ನನಗೆ ಹೊಲಿಗೆ ಕ್ಲಾಸು ಮುಗಿಸಬೇಕು. ಕೋಟು ಕತ್ತರಿಸ್ಲಿಕ್ಕೆ ಹೇಳಿಕೊಡುವುದು ಈಗ ಸುರುವಾಗ್ತದೆ." ಬೂದಿಯ ಕೈಯಿಂದ ಮೂಗು ಉಜ್ಜಿಕೊಂಡಳು. "ಪಪ್ಪಾ ಮೊನ್ನೆಯಿಂದ ಸರಿಯಾಗಿ ಉಣ್ಣುವುದಿಲ್ಲ. ನನ್ನ ಬಾಯಿ ನನಗೆ ಮೋಸ ಮಾಡಿತು ಅಂತ ಹೇಳ್ತಾ ಇರ್ತಾರೆ. ನಾನು ಹೇಳಿದೆ, ಹೋಗಲಿ ಪಪ್ಪಾ, ಅಭ್ಯಾಸ. ಆಡು ಅಡ್ಡ ಬಂದರೂ ನೀವು ದೇವ್ ಬರೆಂ ಕರುಂ ಅನ್ನುವವರು."

ಡುಲ್ಸಿನಳಿಗೆ ನಗು ಬಂತು. ನಗಬಹುದೋ ಎಂದು ಮುಖ ನೋಡಿದಳು. ರೊಸಾಲಿನಳೂ ನಗುತ್ತಿದ್ದಳು.

"ಬೆಸಾಂವ್ ನಿನ್ನ ಹತ್ರ ಕೇಳಿದ್ದರೆ?"

"ನನ್ನ ಹತ್ರ ಯಾರು ಕೇಳ್ತಾರೆ? ಪಾದ್ರಿಗಳು ಪಪ್ಪನ ಹತ್ರ ಮಾತಾಡಿದರು. ನಿಮ್ಮ ವಡ್ಲಿಮಾಯಿ ಪಾದ್ರಿಗಳ ಹತ್ರ ಮಾತಾಡಿದರು. ಅವನು ಪಪ್ಪನ ಹತ್ರ ಕೇಳಿದ. ಕೇಳಿದ್ದರೆ ಹೇಳ್ತಿದ್ದೆ, ನಾನು ಸಣ್ಣವಳು, ಸಣ್ಣವರು ಹಿರಿಯರಿಗೆ ಬೆಸಾಂವ್ ಕೊಡುವ ಕ್ರಮ ಇಲ್ಲ ಅಂತ."

"ಮತ್ತೆ ಆ ದಿನ ನೀನು ಬಂದದ್ದೆಂ‌ತಕ್ಕೆ?"

"ನೋಡ್ಲಿಕ್ಕೆ. ನನ್ನ ತಲೆಯಲ್ಲಿ ಅವನು ತುಂಬ ಎತ್ತರ ಇದ್ದ. ನೋಡಿದರೆ ನಿನ್ನ ಪಪ್ಪನಿಗಿಂತ ಗಿಡ್ಡ." ಕೊನೆಯ ಪಾತ್ರೆ ಕವುಚಿದಳು. "ಗಿಡ್ಡ ಆದರೂ ಆ ಜಗಲಿಯ ಮುಂದೆ ದಿನಾ ಎರಡು ಸಲ ಹೋಗ್ಲಿಕ್ಕೆ ನನಗೆ ಆಗುವುದಿಲ್ಲ ಡುಲ್ಸಿ. ಒಬ್ಬಳೇ ಹೋಗ್ಲಿಕ್ಕೆ ಪ್ರಯತ್ನ ಮಾಡಿದೆ. ಮೊದಲನೇ ತೆಂಗಿನ ಮರದವರೆಗೆ ಬಂದೆ."

ಆ ರಾತ್ರಿಯ ಊಟಕ್ಕೆ ಹರಿವೆ ಸೊಪ್ಪಿನ ಪದಾರ್ಥ, ಒಣಮೀನಿನ ಚಟ್ನಿ. ಎಲ್ಲರಿಗೂ ಬಡಿಸಿದ ಮೇಲೆ ಡುಲ್ಸಿನ್ ಸೌಟು ಕೆಳಗಿಟ್ಟಳು. ಅಷ್ಟು ಜನರ ಎದುರು ಅವಳು ಒಂದೇ ಉಸಿರಿನಲ್ಲಿ ಮಾತಾಡಿದ್ದು ಅಲ್ಲಿಯವರೆಗೆ ಇಲ್ಲ.

"ರೊಸಾಲಿನ್ ಬೊಂಬಾಯಿಗೆ ಹೋಗುವುದು ಬೇಡ. ಬಾಪ್ಪು ಬೇರೆ ಕಡೆ ಇರ್ಲಿ."

"ಓಹೋ," ಎಂದಳು ವಡ್ಲಿಮಾಯಿ. "ನಿನ್ನ ಅಮ್ಮ ಕಲಿಸಿದ್ದಾ?"

"ನಾನು ಕಲಿಸಲಿಲ್ಲ. ಕಲಿಸಬೇಕಿತ್ತು," ಎಂದಳು ಎಸ್ತೆರ್.

"ಈ ಮನೆ ಅವನ ಅಪ್ಪ ಕಟ್ಟಿದ್ದು. ನೊರ್ಬರ್ಟನಿಗೆ ಎಷ್ಟು ಹಕ್ಕೋ ಅವನಿಗೂ ಅಷ್ಟೇ. ಸರಕಾರವೇ ಬಿಟ್ಟವನನ್ನು ಹೊರಗೆ ಹಾಕ್ಲಿಕ್ಕೆ ಕಾಜ ಹಾಕುವ ಹುಡುಗಿಗೆ ಅಧಿಕಾರ ಕೊಟ್ಟದ್ದು ಯಾರು?"

"ಮನೆ ಅವರದೇ ವಡ್ಲಿಮಾಯಿ. ದಾರಿ ರೊಸಾಲಿನಳದ್ದು ಸಹ. ಅವಳು ಮೊದಲನೇ ತೆಂಗಿನ ಮರದವರೆಗೆ ಬಂದು ವಾಪಸು ಹೋಗ್ತಾಳೆ."

"ಅಭ್ಯಾಸ ಆಗ್ತದೆ."

"ನಾನು ಎಲ್ಲಿಗೆ ಹೋಗುವುದು?" ಎಂದ ಬೆನೆಡಿಕ್ಟ್.

ಅದು ಮುನಿಸಿನ ಮಾತಲ್ಲ. ದಾರಿ ಕೇಳುವವನ ಹಾಗೆ ಡುಲ್ಸಿನಳ ಮುಖವನ್ನೇ ನೋಡಿ ಕೇಳಿದ್ದ.

ಉತ್ತರ ತಂದವನು ನೊರ್ಬರ್ಟ್, ಐದು ದಿನ ಬಿಟ್ಟು. ಪಡೀಲಿನಲ್ಲಿ ಝಕರಿಯಾ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯೊಬ್ಬರು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನಾಲ್ಕು ಮಗ್ಗ ಹಾಕಿದ್ದರು. ಟವೆಲು, ಲುಂಗಿ ನೇಯಿಸಿ ಬಂದರಿನಲ್ಲಿ ಮಾರುತ್ತಿದ್ದರು. ಒಬ್ಬ ನೇಕಾರ ಬೇಕಾಗಿತ್ತು. ಊಟ, ಮಲಗಲು ಜಾಗ ಅಲ್ಲಿಯೇ.

"ಬ್ಯಾರಿಗಳ ಹತ್ರ ಎಂತ ಹೇಳಿದ್ರಿ ಪಪ್ಪಾ?" ಎಂದು ಕೇಳಿದಳು ಡುಲ್ಸಿನ್.

"ಕಣ್ಣನೂರಿನಲ್ಲಿ ಆರು ವರ್ಷ ನೇಯ್ದಿದ್ದಾನೆ ಅಂತ."

"ಅಷ್ಟೇನಾ?"

"ಅಷ್ಟು ಕೇಳಿದರು, ಅಷ್ಟು ಹೇಳಿದೆ," ಎಂದು ನೊರ್ಬರ್ಟ್ ಟೋಪಿ ಹಾಕಿಕೊಂಡು ಆವೆಗೆ ಹೋದ.

ಬೆನೆಡಿಕ್ಟ್ ಮಡಚಿದ ಚಾಪೆ, ಎರಡು ಅಂಗಿ ತೆಗೆದುಕೊಂಡು ಹೋದ. ನಾಲ್ಕನೆಯ ದಿನ ಎಂಟು ಗಂಟೆಗೆ ರೊಸಾಲಿನ್ ಬಟ್ಟೆಯ ಚೀಲ ಹಿಡಿದು ಜಗಲಿಯ ಮುಂದೆ ಹಾದುಹೋದಳು, "ಕಾಜ ಮುಗೀತಾ?" ಎಂದು ಕೇಳಿಕೊಂಡೇ ಹೋದಳು. ಯೂಸ್ಟೇಸರು ಬೊಂಬಾಯಿಯ ಅಕ್ಕನಿಗೆ ಈ ವರ್ಷ ಬೇಡವೆಂದು ಕಾಗದ ಬರೆದರು. ಎಸ್ತೆರ್ ಧಾರಾಳವಾಗಿ ಬಂಗುಡೆ ತರಿಸಿದಳು. ವಡ್ಲಿಮಾಯಿ ಅದನ್ನು ಮುಟ್ಟಲಿಲ್ಲ, ಡುಲ್ಸಿನಳೊಂದಿಗೆ ಮಾತನ್ನೂ ಬಿಟ್ಟಳು.

ಎಲ್ಲ ಸರಿಹೋಯಿತು ಎಂದು ಎಲ್ಲರೂ ಎಣಿಸಿದರು. ಡುಲ್ಸಿನಳಿಗೆ ಮಾತ್ರ ಪಡೀಲಿನ ಆ ಮನೆ ಹೇಗಿದೆಯೆಂದು ನೋಡಬೇಕಾಗಿತ್ತು. ಎರಡನೆಯ ಭಾನುವಾರ ನೊರ್ಬರ್ಟ್ ತಮ್ಮನಿಗೆ ಊಟದ ಡಬ್ಬಿ ಕೊಂಡುಹೋಗುವಾಗ ತಾನೂ ಬರುತ್ತೇನೆಂದು ಬಸ್ಸು ಹತ್ತಿದಳು.

ಕೊಟ್ಟಿಗೆಯ ಬಾಗಿಲಿಗೆ ಹೋಗುವಾಗ ಮಗ್ಗದ ಸದ್ದು ಕೇಳುತ್ತಿತ್ತು. ಒಳಗೆ ಬೆನೆಡಿಕ್ಟ್ ಒಬ್ಬನೇ ನೇಯುತ್ತಿದ್ದ. ಅವನ ಮಗ್ಗದ ಪಕ್ಕದಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು ಒಬ್ಬಳು ಹುಡುಗಿ ರಾಟೆಯಲ್ಲಿ, ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ತಲೆಯ ಮೇಲೆ ಹಸಿರು ಬಟ್ಟೆ.

"ನಿನ್ನ ಹೆಸರೆಂತ?" ಎಂದಳು ಡುಲ್ಸಿನ್.

"ನಾಝಿಮಾ."

"ಎಷ್ಟು ವರ್ಷ?"

"ಹನ್ನೊಂದು. ಇವರ ಕಂಡಿಕೆ ಎಲ್ಲ ನಾನೇ ಸುತ್ತುವುದು. ಬೇಗ ಬೇಗ ಖಾಲಿ ಮಾಡ್ತಾರೆ."

ಬೆನೆಡಿಕ್ಟ್ ಲಾಳಿ ಹಿಡಿದು ಎದ್ದು ನಿಂತಿದ್ದ. ಡುಲ್ಸಿನ್ ಅವನನ್ನು ನೋಡಿದಳು, ಅಪ್ಪನನ್ನು ನೋಡಿದಳು. ನೊರ್ಬರ್ಟ್ ಡಬ್ಬಿಯ ಹಿಡಿಯನ್ನು ತಿರುಗಿಸುತ್ತ ನೆಲ ನೋಡುತ್ತಿದ್ದ. ಅವಳು ತಿರುಗಿ ಅಂಗಳ ದಾಟಿ ಮುಂಬಾಗಿಲಿಗೆ ನಡೆದಳು. ಝಕರಿಯಾ ಬ್ಯಾರಿ ಕುರ್ಚಿಯಲ್ಲಿ ಕೂತು ಟವೆಲುಗಳನ್ನು ಮಡಚುತ್ತಿದ್ದರು.

"ಬ್ಯಾರಿಗಳೇ, ನಾನು ನೊರ್ಬರ್ಟರ ಮಗಳು. ನಮ್ಮ ಬಾಪ್ಪು ಕಣ್ಣನೂರಿನಲ್ಲಿ ನೇಯ್ದದ್ದು ಜೈಲಿನಲ್ಲಿ."

"ಅದು ಗೊತ್ತುಂಟು ಮಗಳೇ," ಎಂದರು ಝಕರಿಯಾ. "ಟವೆಲಿನ ಅಂಚು ನೋಡಿದರೆ ಗೊತ್ತಾಗ್ತದೆ. ಜೈಲಿನ ಕೈ. ಕೊಲೆಯಾ? ನಾನು ಕೊಲೆ ಅಂತ ಎಣಿಸಿದ್ದೆ."

"ಕೊಲೆ ಅಲ್ಲ."

"ಮತ್ತೆ?"

"ನನ್ನ ಜೊತೆ ಶಾಲೆಗೆ ಹೋಗ್ತಿದ್ದ ಹುಡುಗಿ. ನಮಗೆ ಆಗ ಹನ್ನೆರಡು ವರ್ಷ."

ಝಕರಿಯಾ ಕೈಯಲ್ಲಿದ್ದ ಟವೆಲನ್ನು ಪೂರ್ತಿ ಮಡಚಿ ಇಟ್ಟರು. ಆಮೇಲೆ ಕೊಟ್ಟಿಗೆಯ ಕಡೆ ಮುಖ ಮಾಡಿ ಸಾಧಾರಣ ದನಿಯಲ್ಲಿ ಕರೆದರು, "ನಾಝಿಮಾ, ಒಳಗೆ ಬಾ. ಉಮ್ಮ ಕರೀತಾಳೆ." ತಾಯಿ ಕರೆದಿರಲಿಲ್ಲ. ಹುಡುಗಿ ಕಂಡಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದು ಒಳಗೆ ಹೋದಳು. ನೊರ್ಬರ್ಟ್ ನಿಧಾನವಾಗಿ ಹಿಂದಿನಿಂದ ಬಂದ.

"ಪೊರ್ಬುಗಳೇ," ಎಂದರು ಝಕರಿಯಾ, ಊರಿನ ಕ್ರೈಸ್ತರನ್ನು ಕರೆಯುವ ರೀತಿಯಲ್ಲಿ. "ಇದನ್ನು ನೀವು ಮೊದಲ ದಿನ ಹೇಳ್ಬೇಕಿತ್ತು."

"ಹೇಳಿದರೆ ನೀವು ತೆಗೊಳ್ತಿರಲಿಲ್ಲ."

"ತೆಗೊಳ್ತಿದ್ದೆನೋ ಇಲ್ಲವೋ, ಅದು ನನಗೆ ಬಿಟ್ಟದ್ದಲ್ವಾ? ನನ್ನ ಮಗಳು ಹದಿಮೂರು ದಿನ ಆ ಕೊಟ್ಟಿಗೆಯಲ್ಲಿ ಕೂತಿದ್ದಾಳೆ. ಆ ಹದಿಮೂರು ದಿನ ನೀವು ರಾತ್ರಿ ನಿದ್ದೆ ಮಾಡಿದ್ರಿ?"

ಕೊಟ್ಟಿಗೆಯ ಬಾಗಿಲಲ್ಲಿ ಬೆನೆಡಿಕ್ಟ್ ಬಂದು ನಿಂತಿದ್ದ. ಎಲ್ಲ ಕೇಳಿಸಿತ್ತು. ಝಕರಿಯಾ ಅವನ ಕಡೆ ತಿರುಗಿದರು.

"ಕೆಲಸಗಾರ ಒಳ್ಳೆಯವ," ಎಂದರು. "ಬಂದರಿನಲ್ಲಿ ನನ್ನ ಗೋದಾಮು ಉಂಟು. ಅಲ್ಲಿ ಇರುವುದು ಬರೀ ಗಂಡಸರು. ಒಂದು ಮಗ್ಗ ಅಲ್ಲಿಗೆ ಹಾಕಿಸ್ತೇನೆ. ಅಲ್ಲಿಯವರಿಗೂ ಹೇಳ್ತೇನೆ, ನೀನು ಯಾರು ಅಂತ. ಒಪ್ಪಿಗೆ ಇದ್ದರೆ ಇರು, ಇಲ್ಲದಿದ್ದರೆ ಅಣ್ಣನ ಜೊತೆ ಹೋಗು. ಈ ಅಂಗಳಕ್ಕೆ ಮಾತ್ರ ಇವತ್ತಿನಿಂದ ಕಾಲಿಡಬೇಡ."

"ಒಪ್ಪಿಗೆ ಉಂಟು," ಎಂದ ಬೆನೆಡಿಕ್ಟ್. "ನನ್ನ ಚಾಪೆ ತೆಗೊಂಡು ಬರ್ಲಾ?"

"ತೆಗೊಂಡು ಬಾ."

ಹೋಗುವಾಗ ಅವನು ಡುಲ್ಸಿನಳ ಹತ್ತಿರ ಒಂದು ಕ್ಷಣ ನಿಂತ. "ಕಳೆದ ವಾರದ ಡಬ್ಬಿ ತೊಳೆದು ಕಿಟಕಿಯಲ್ಲಿ ಇಟ್ಟಿದ್ದೇನೆ. ಮರೀಬೇಡ," ಎಂದ.

ಬಸ್ಸಿಳಿದು ಓಣಿಗೆ ತಿರುಗುವಾಗ ನೊರ್ಬರ್ಟ್ ಹೇಳಿದ, "ಮಾಯಿಗೆ ನೀನೇ ಹೇಳು. ನನಗೆ ಆಗುವುದಿಲ್ಲ." ಮನೆಗೆ ಬಂದರೂ ಒಳಗೆ ಹೋಗದೆ ಬಾವಿಕಟ್ಟೆಯಲ್ಲಿ ಕೂತ.

ವಡ್ಲಿಮಾಯಿ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಡುಲ್ಸಿನ್ ಖಾಲಿ ಡಬ್ಬಿಯನ್ನು ಮೂಲೆಯಲ್ಲಿಟ್ಟು, ಮೊದಲ ಮಾತು ಯಾವುದೆಂದು ಹುಡುಕುತ್ತ ನಿಂತಳು. ಎರಡು ವಾರದಿಂದ ತನ್ನೊಂದಿಗೆ ಮಾತಾಡದ ಅಜ್ಜಿ ತಲೆ ಎತ್ತದೆ ಕೇಳಿದಳು.

"ಆ ಬ್ಯಾರಿಗಳ ಮನೆಯಲ್ಲಿ ಹೆಣ್ಣುಮಕ್ಕಳು ಉಂಟಾ?"

"ಉಂಟು. ಒಬ್ಬಳು. ಹನ್ನೊಂದು ವರ್ಷ."

ವಡ್ಲಿಮಾಯಿ ಒಲೆಯೊಳಗಿನ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು. "ಅವರಿಗೆ ಯಾರಾದರೂ ಹೇಳಿದರಾ?"

"ನಾನು ಹೇಳಿದೆ."

ಅಜ್ಜಿ ಬಟ್ಟಲು ತೆಗೆದು ಗಂಜಿ ಬಡಿಸಿ, ಬದಿಗೆ ಒಂದು ಉಪ್ಪಿನಕಾಯಿಯ ಹೋಳು ಇಟ್ಟು, ಮೊಮ್ಮಗಳ ಕಡೆಗೆ ದೂಡಿದಳು.

"ಕೂತುಕೋ," ಎಂದಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."